ವಾರದ ವಿಜಯನಗರ, ಶತಮಾನದ ಟಿಳಕವಾಡಿ

ಟಿಳಕವಾಡಿಯ ಚರಿತ್ರೆ ಏನೆಂದು ಬೆಳಗಾವಿಯಲ್ಲಿ ಯಾರನ್ನು ಕೇಳಿದರೂ ಕಾಂಗ್ರೆಸ್ ಬಾವಿಯ ದಾರಿ ತೋರಿಸುತ್ತಾರೆ. 1924ರ ಡಿಸೆಂಬರ್ 26 ಮತ್ತು 27ರಂದು ಇಲ್ಲಿ ಸೇರಿದ ಕಾಂಗ್ರೆಸ್ಸಿನ 39ನೇ ಅಧಿವೇಶನಕ್ಕೆ ಮಹಾತ್ಮ ಗಾಂಧಿ ಅಧ್ಯಕ್ಷರಾಗಿದ್ದರು; ಜೀವಮಾನದಲ್ಲಿ ಅವರು ಆ ಪೀಠವೇರಿದ್ದು ಅದೊಂದೇ ಸಲ. ಅದರ ನೂರು ವರ್ಷದ ನೆನಪಿಗೆ 2024ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ‘ಗಾಂಧಿ ಭಾರತ’ ಎಂಬ ಹೆಸರಿನಲ್ಲಿ ಸಮಾರಂಭ ಏರ್ಪಡಿಸಿತು, ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಬೆಳಗಾವಿಗೇ ಬಂದು ಸಭೆ ನಡೆಸಿತು. 26ರ ರಾತ್ರಿ ಮನಮೋಹನ ಸಿಂಗ್ ತೀರಿಕೊಂಡದ್ದರಿಂದ ಮರುದಿನದ ಸಮಾವೇಶ ಜನವರಿ 21ಕ್ಕೆ ಹೋಯಿತು. ಇಷ್ಟೆಲ್ಲ ಆದದ್ದು ಸರಿಯೇ. ಆದರೆ ಆ ಸಡಗರದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ: ಒಂದು ಬಡಾವಣೆಯ ನೂರು ವರ್ಷದ ಬಾಳು ಒಂದು ವಾರದ ಜಾತ್ರೆಯೊಳಗೆ ಮುಗಿದುಹೋಗುತ್ತದೆಯೇ? ಬಂದುಹೋದ ದೊಡ್ಡವರ ಹೆಸರು ಹಿಡಿದು ಊರನ್ನು ಓದುವ ಅಭ್ಯಾಸ ನಮ್ಮಲ್ಲಿ ಎಷ್ಟು ಬಲವಾಗಿದೆ ಎಂದರೆ, ಅದೇ ಊರಿನಲ್ಲಿ ಕೂತು ದಶಕಗಟ್ಟಲೆ ನಡೆದ ಕೆಲಸ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದರ ಫಲವೂ ಎದುರಿಗೇ ಇದೆ. ಆ ಕೆಲಸ ನಡೆದ ಅಂಗಳ, ಕಟ್ಟಡಗಳು ಕಾಗದಪತ್ರಗಳಲ್ಲಿ ‘ಖಾಲಿ ಜಾಗ’ ಎಂದೋ ‘ಹಳೆ ಕಟ್ಟಡ’ ಎಂದೋ ನಮೂದಾಗುತ್ತವೆ, ಹೊಸ ಯೋಜನೆ ಬಂದಾಗ ಮೊದಲು ಅಳತೆಯ ಟೇಪು ಬೀಳುವುದು ಅವುಗಳ ಮೇಲೆಯೇ.

ಮೊದಲು ಆ ವಾರಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. ಅಧಿವೇಶನವನ್ನು ಬೆಳಗಾವಿಗೆ ತಂದವರು ಹುದಲಿಯ ಗಂಗಾಧರರಾವ್ ದೇಶಪಾಂಡೆ. ಮೊದಲು ಟಿಳಕರ ಬಂಟರಾಗಿದ್ದು ಆಮೇಲೆ ಗಾಂಧೀಜಿಯ ಹಾದಿ ಹಿಡಿದ ಇವರನ್ನು ಜನ ‘ಕರ್ನಾಟಕ ಸಿಂಹ’ ಎಂದು ಕರೆದರು. ಟಿಳಕರಿಗೂ ಈ ನಗರಕ್ಕೂ ಹಳೆಯ ನಂಟಿತ್ತು. 1916ರ ಏಪ್ರಿಲ್ 28ರಂದು ಅವರ ಹೋಂ ರೂಲ್ ಲೀಗ್ ಹುಟ್ಟಿದ್ದು ಬೆಳಗಾವಿಯಲ್ಲೇ, ಆಗ ಇಲ್ಲಿ ನಡೆದ ಮುಂಬೈ ಪ್ರಾಂತಿಕ ಪರಿಷತ್ತಿಗೆ ಗಾಂಧೀಜಿಯೂ ಬಂದಿದ್ದರು. ಎಂಟು ವರ್ಷಗಳ ನಂತರ, ಲೋಕಮಾನ್ಯರ ಹೆಸರು ಹೊತ್ತ ಈ ಬಡಾವಣೆಯ ಬಯಲಿನಲ್ಲಿ ಒಂದು ತಾತ್ಕಾಲಿಕ ಪಟ್ಟಣವೇ ಎದ್ದಿತು. ಅದಕ್ಕಿಟ್ಟ ಹೆಸರು ವಿಜಯನಗರ. ಮಹಾದ್ವಾರಕ್ಕೆ ಹಂಪಿಯ ವಿರೂಪಾಕ್ಷ ದೇವಾಲಯದ ಗೋಪುರದ ಮಾದರಿ, ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರ ಎಂಬ ಹೆಸರು. ಮುಂಬೈ, ಮದ್ರಾಸು, ಮೈಸೂರು, ಹೈದರಾಬಾದು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಆ ಹೆಸರುಗಳ ಇಂಗಿತವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಮೊದಲ ಸಲ ಮೊಳಗಿದ್ದು ಈ ಚಪ್ಪರದಲ್ಲಿ. ಇನ್ನೂ ಹನ್ನೆರಡು ತುಂಬದ ಗಂಗೂಬಾಯಿ ಹಾನಗಲ್ ಹಾಡಿದ್ದೂ ಇಲ್ಲೇ. ಕರ್ನಾಟಕ ಏಕೀಕರಣ ಪರಿಷತ್ತಿನ ಮೊದಲ ಸಭೆ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಇದೇ ಸಂದರ್ಭದಲ್ಲಿ ಕೂಡಿತು. ನಾ.ಸು. ಹರ್ಡೀಕರರ ಸ್ವಯಂಸೇವಕರು ಸಾವಿರಾರು ಜನರ ಊಟ, ವಸತಿ, ಶಿಸ್ತು ನೋಡಿಕೊಂಡರು. ಮೋತಿಲಾಲ್ ಮತ್ತು ಜವಾಹರಲಾಲ್ ನೆಹರೂ, ಚಿತ್ತರಂಜನ ದಾಸ್, ಸರೋಜಿನಿ ನಾಯ್ಡು, ರಾಜಾಜಿ, ಆನಿ ಬೆಸೆಂಟ್ ಎಂದು ಬಂದವರ ಪಟ್ಟಿ ಬರೆಯತೊಡಗಿದರೆ ಪುಟ ಸಾಲದು.

ಆದರೆ ಆ ವಾರ ಮುಗಿದ ಮೇಲೆ ಉಳಿದದ್ದೇನು ಎಂದು ನೋಡಿ. ಗೋಪುರ ಬಟ್ಟೆ ಬಿದಿರಿನದು, ಬಿಚ್ಚಿದರು. ಚಪ್ಪರ ಕಳಚಿದರು, ಗುಡಿಸಲುಗಳನ್ನು ಎತ್ತಿದರು. ನೆಲಬಿಟ್ಟು ಕದಲದೆ ಉಳಿದದ್ದು 4,370 ರೂಪಾಯಿ ಮೂರಾಣೆ ಖರ್ಚಿನಲ್ಲಿ ತೋಡಿದ ಆ ಬಾವಿ ಒಂದೇ. ಅಂದರೆ ಆ ಮಹಾಸಭೆ ಟಿಳಕವಾಡಿಗೆ ಬಿಟ್ಟುಹೋದದ್ದು ಮೆರವಣಿಗೆಯ ವೈಭವದ ಯಾವುದೇ ಭಾಗವನ್ನಲ್ಲ, ಒಂದು ನೀರಿನ ವ್ಯವಸ್ಥೆಯನ್ನು. ಅಧಿವೇಶನದ ಒಳಗಿನ ಚರ್ಚೆಯೂ ಇದೇ ದಿಕ್ಕಿನದು. ಅಸಹಕಾರ ಚಳವಳಿಯನ್ನು ನಿಲ್ಲಿಸಿ, ಕಾಂಗ್ರೆಸ್ ಸದಸ್ಯನಾಗಬೇಕಾದವನು ತಿಂಗಳಿಗೆ ಎರಡು ಸಾವಿರ ಗಜ ನೂಲು ಕೊಡಬೇಕೆಂದು ಇಲ್ಲಿ ಒಪ್ಪಿದರು. ಘೋಷಣೆಯಿಂದ ದಿನನಿತ್ಯದ ದುಡಿಮೆಗೆ ಇಳಿಯುವ ನಿರ್ಧಾರ ಅದು. ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಒಂದು ಕಾಲಕ್ಕೆ ಮೇಷ್ಟ್ರಾಗಿದ್ದ ಕಾಕಾ ಕಾಲೇಲ್ಕರ್ ಶಿಬಿರದ ಪಾಯಿಖಾನೆ ಶುಚಿ ಮಾಡುವ ಸ್ವಯಂಸೇವಕರ ಮುಂದಾಳಾಗಿ ನಿಂತರು. ತಮಗಾಗಿ ಕಟ್ಟಿದ ಖಾದಿಯ ಗುಡಿಸಲು ಅರಮನೆಯ ಠೀವಿಗೆ ಏರಿದ್ದನ್ನು ಗಾಂಧೀಜಿ ಮೆಚ್ಚಲಿಲ್ಲ, ಹಾಗೆಂದು ಬರೆದೂ ಬಿಟ್ಟರು. ಇಂಥ ಸಭೆಯನ್ನು ನೂರು ವರ್ಷದ ಬಳಿಕ ಕಮಾನು, ಕಟೌಟು, ವಿದ್ಯುದ್ದೀಪಗಳಲ್ಲಿ ನೆನೆಯುವುದರಲ್ಲಿ ಸಣ್ಣ ವ್ಯಂಗ್ಯವಿದೆ. ಅದನ್ನು ದೊಡ್ಡದು ಮಾಡುವುದು ಬೇಡ, ಉತ್ಸವಕ್ಕೆ ಉತ್ಸವದ ಭಾಷೆ ಇರುತ್ತದೆ.

ಇಲ್ಲಿಗೇ ಒಂದು ಆಕ್ಷೇಪ ಏಳುತ್ತದೆ. ದೇಶದ ಚರಿತ್ರೆಯಲ್ಲಿ ಬೆಳಗಾವಿಗೆ ಸಿಕ್ಕ ಅತಿ ಎತ್ತರದ ಗಳಿಗೆಯನ್ನು ಯಾಕೆ ಕುಗ್ಗಿಸಬೇಕು, ಸಣ್ಣ ಪಟ್ಟಣಗಳಿಗೆ ಇಂಥದೊಂದು ಹೆಮ್ಮೆ ಇದ್ದರೆ ಯಾರಿಗೇನು ನಷ್ಟ ಎಂದು. ಹೆಮ್ಮೆಯಿಂದ ನಷ್ಟವಿಲ್ಲ, ಹೆಮ್ಮೆ ಒಂದೇ ಕಡೆ ಗುಂಪುಗೂಡಿದರೆ ನಷ್ಟವುಂಟು. ಹೆಸರಾದವರ ನೆನಪಿಗೆ ಕಟ್ಟಡಗಳ ಮೇಲೆ ಫಲಕ ಹಾಕುವ, ಲಂಡನ್ನಿನಲ್ಲಿ 1866ರಿಂದ ನಡೆದುಬಂದಿರುವ ಯೋಜನೆಯಲ್ಲಿ ಒಂದು ಕಟ್ಟುನಿಟ್ಟು ಇದೆ: ಆ ಮನುಷ್ಯ ಬಾಳಿದ ಇಲ್ಲವೆ ಕೆಲಸ ಮಾಡಿದ ಕಟ್ಟಡ ಈಗಲೂ ನಿಂತಿರಬೇಕು. ಆ ಅಳತೆಗೋಲನ್ನು ಟಿಳಕವಾಡಿಗೆ ತಂದರೆ ಬಾವಿ ಪಟ್ಟಿಯ ತಲೆಯಲ್ಲೇ ಇರುತ್ತದೆ, ಅನುಮಾನವಿಲ್ಲ. ಜೊತೆಗೆ ಇಂದು ಯಾರೂ ತಿರುಗಿ ನೋಡದ ಎಷ್ಟೋ ಜಾಗಗಳು ಅದರ ಪಕ್ಕದಲ್ಲಿ ಬಂದು ನಿಲ್ಲುತ್ತವೆ. ಅವುಗಳಲ್ಲಿ ಮೊದಲನೆಯದು ವ್ಯಾಕ್ಸಿನ್ ಡಿಪೊ.

ಬೆಳಗಾವಿಯ ಹುಡುಗರಿಗೆ ವ್ಯಾಕ್ಸಿನ್ ಡಿಪೊ ಎಂದರೆ ಮೈದಾನ. ಕ್ರಿಕೆಟ್ಟು, ಮುಂಜಾನೆಯ ವಾಕಿಂಗು, ದೊಡ್ಡ ದೊಡ್ಡ ಮರಗಳ ನೆರಳು. ಆ ಹೆಸರು ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ಮುಂಬೈ ಪ್ರಾಂತದ ಸರ್ಕಾರಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಸಂಸ್ಥೆ ಇದು. ಆ ತಯಾರಿಕೆ ಹೇಗಿತ್ತೆಂಬುದು ತಿಳಿದರೆ ಇಷ್ಟು ವಿಶಾಲವಾದ ಅಂಗಳ ಯಾಕೆ ಬೇಕಾಯಿತೆಂಬುದೂ ತಿಳಿಯುತ್ತದೆ. ಲಸಿಕೆಯನ್ನು ಆಗ ಬೆಳೆಸುತ್ತಿದ್ದದ್ದು ಕರುಗಳ ಚರ್ಮದ ಮೇಲೆ. ಆರೋಗ್ಯವಂತ ಕರುವನ್ನು ಆರಿಸಿ, ಕೆಲದಿನ ಬೇರೆ ಇಟ್ಟು ನೋಡಿ, ಮೈಯ ಒಂದು ಭಾಗದ ಕೂದಲು ಬೋಳಿಸಿ, ತೊಳೆದು, ಅಲ್ಲಿ ಸಣ್ಣಗೆ ಗೀರಿ ಬೀಜದ ರಸ ಹಚ್ಚುತ್ತಿದ್ದರು. ನಾಲ್ಕೈದು ದಿನಕ್ಕೆ ಎದ್ದ ಬೊಕ್ಕೆಗಳನ್ನು ಕೆರೆದು ತೆಗೆದು, ಅರೆದು, ಗ್ಲಿಸರಿನ್‌ನಲ್ಲಿ ಕದಡಿ, ತಂಪಿನಲ್ಲಿಟ್ಟು, ಗಾಜಿನ ಸಣ್ಣ ನಳಿಕೆಗಳಲ್ಲಿ ತುಂಬಿ ಕಳಿಸುತ್ತಿದ್ದರು. ಹಾಗಾಗಿ ಇದು ಪ್ರಯೋಗಾಲಯವೂ ಹೌದು, ದನದ ಕೊಟ್ಟಿಗೆಯೂ ಹೌದು, ಮೇವು ನೀರಿನ ಉಗ್ರಾಣವೂ ಹೌದು. ಈ ದ್ರವಲಸಿಕೆಯ ದೊಡ್ಡ ವೈರಿ ಬಿಸಿಲು. ಬಯಲುಸೀಮೆಯ ಸೆಕೆಯಲ್ಲಿ ಕೆಲವೇ ದಿನಕ್ಕೆ ಅದರ ಸತ್ವ ಇಳಿದುಹೋಗುತ್ತಿತ್ತು, ಸತ್ವವಿಲ್ಲದ ಲಸಿಕೆ ಹಾಕಿಸಿಕೊಂಡವನು ತನಗೆ ರಕ್ಷಣೆ ಸಿಕ್ಕಿತೆಂದು ನಂಬಿ ಮೋಸಹೋಗುತ್ತಿದ್ದ. ಶೀತಲ ಪೆಟ್ಟಿಗೆಗಳಿಲ್ಲದ ಕಾಲದಲ್ಲಿ ಇಂಥ ಸಂಸ್ಥೆಗಳು ತಂಪು ಊರುಗಳನ್ನು ಹುಡುಕಿಕೊಂಡು ಹೋದದ್ದು ಅದಕ್ಕೇ. ಉತ್ತರದಲ್ಲಿ ನೈನಿತಾಲ್ ಬಳಿಯ ಪಟವಾಡಾಂಗರ್, ಇತ್ತ ಸಮುದ್ರಮಟ್ಟದಿಂದ ಸುಮಾರು ಎರಡೂವರೆ ಸಾವಿರ ಅಡಿ ಎತ್ತರದಲ್ಲಿ ಸಹ್ಯಾದ್ರಿಯ ಬೆನ್ನಿಗೆ ಕೂತ ಬೆಳಗಾವಿ. 1887ರ ಹೊತ್ತಿಗೆ ಸದರ್ನ್ ಮರಾಠಾ ರೈಲು ಇಲ್ಲಿಗೆ ಬಂದಿತ್ತು. ತಂಪು ಹವೆ, ರೈಲಿನ ಅನುಕೂಲ, ಅಗಲವಾದ ಬಯಲು ಮೂರೂ ಒಂದೇ ಕಡೆ ಇದ್ದ ಊರು ಇದು.

ಸ್ವಾತಂತ್ರ್ಯದ ನಂತರ ಈ ಕೆಲಸ ಇನ್ನೂ ದೊಡ್ಡದಾಯಿತು. 1962ರಲ್ಲಿ ದೇಶದಲ್ಲಿ ಸಿಡುಬು ನಿರ್ಮೂಲನ ಕಾರ್ಯಕ್ರಮ ಶುರುವಾದಾಗ ಎದುರಾದ ಮೊದಲ ಅಡಚಣೆ ಆ ಬಿಸಿಲಿನ ತೊಂದರೆಯೇ. ಅದಕ್ಕೆ ಸಿಕ್ಕ ಉತ್ತರ, ಲಸಿಕೆಯನ್ನು ಹೆಪ್ಪುಗಟ್ಟಿಸಿ ಒಣಗಿಸಿ ಪುಡಿ ಮಾಡುವ ವಿಧಾನ. 37 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲೂ ತಿಂಗಳೊಪ್ಪತ್ತು ಅದು ಕೆಡುತ್ತಿರಲಿಲ್ಲ. ಭಾರತದಲ್ಲಿ ಆ ಒಣಲಸಿಕೆಯನ್ನು ತಯಾರಿಸಿದ ಸಂಸ್ಥೆಗಳು ನಾಲ್ಕು: ಪಟವಾಡಾಂಗರ್, ಮದ್ರಾಸಿನ ಗಿಂಡಿ, ಹೈದರಾಬಾದು ಮತ್ತು ಬೆಳಗಾವಿ. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಸಿಡುಬು ಪ್ರಕರಣ ಕಂಡಿತು, 1977ರ ಏಪ್ರಿಲ್‌ನಲ್ಲಿ ಭಾರತ ಸಿಡುಬುಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಐವತ್ತು ದಾಟಿದವರ ತೋಳಿನ ಮೇಲಿನ ದುಂಡನೆಯ ಕಲೆಗಳಲ್ಲಿ ಟಿಳಕವಾಡಿಯ ಪಾಲೂ ಇದೆ ಎಂಬುದು ನಮ್ಮ ಪಠ್ಯದಲ್ಲಿಲ್ಲ, ಊರಿನ ಪ್ರವಾಸಿ ನಕ್ಷೆಯಲ್ಲೂ ಇಲ್ಲ. ಮನುಷ್ಯಕುಲ ಪೂರ್ತಿಯಾಗಿ ಅಳಿಸಿಹಾಕಿದ ಮಾನವರೋಗ ಇಂದಿಗೂ ಇದೊಂದೇ. ಆ ಹೋರಾಟಕ್ಕೆ ಮದ್ದು ಅರೆದ ನಾಲ್ಕು ಅಂಗಳಗಳಲ್ಲಿ ಒಂದು ಸೆಕೆಂಡ್ ಗೇಟು, ಥರ್ಡ್ ಗೇಟು ಎಂಬ ರೈಲ್ವೆ ಗೇಟುಗಳ ನಮ್ಮ ಊರಿನಲ್ಲಿದೆ ಎಂಬ ಸಂಗತಿ ಎರಡು ದಿನದ ಅಧಿವೇಶನಕ್ಕಿಂತ ಸಣ್ಣದು ಎಂದು ಯಾರು ತೀರ್ಮಾನಿಸಿದರು? ಕೋವಿಡ್ ಕಾಲದಲ್ಲೂ ಈ ಊರಿನ ಹಳೆಯ ಕಸುಬು ಕೈಬಿಡಲಿಲ್ಲ. 2021ರ ಜನವರಿಯಲ್ಲಿ ರಾಜ್ಯಕ್ಕೆ ಲಸಿಕೆ ಬಂದಾಗ ಉತ್ತರದ ಜಿಲ್ಲೆಗಳ ಪಾಲು ಬಂದಿಳಿದದ್ದು ಬೆಳಗಾವಿಯ ಪ್ರಾದೇಶಿಕ ಉಗ್ರಾಣಕ್ಕೆ.

ಅದು ಹಳೆಯ ಸರ್ಕಾರಿ ಶೆಡ್ಡುಗಳ ಸಾಲು, ಅದರಲ್ಲಿ ವಾಸ್ತುಶಿಲ್ಪವೇನಿದೆ ಎಂಬ ಮಾತೂ ಬರುತ್ತದೆ. ಕೋಟೆಯೊಳಗಿನ ಕಮಲ ಬಸದಿಯ ಚೆಲುವು ಇಲ್ಲಿಲ್ಲ, ದಂಡಿನ ಸೇಂಟ್ ಮೇರಿ ಇಗರ್ಜಿಯ ಗಾತ್ರವೂ ಇಲ್ಲ, ನಿಜ. ಆದರೆ ಕಟ್ಟಡವನ್ನು ಕೆತ್ತನೆಯಿಂದಷ್ಟೇ ಅಳೆಯುವುದು ಗುಡಿ ಗೋಪುರಗಳಿಂದ ಬಂದ ರೂಢಿ. ಲಸಿಕೆಯ ಕೊಟ್ಟಿಗೆಯನ್ನು ಆ ರೂಢಿಯಲ್ಲಿ ನೋಡಿದರೆ ಏನೂ ಕಾಣದು. ಬೆಳಗಾವಿ 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿಯಾಗಿ ಆಯ್ಕೆಯಾದ ಮೇಲೆ ಈ ಮೈದಾನದಲ್ಲೂ ಕಾಮಗಾರಿ ಶುರುವಾಯಿತು. ಮರಗಳಿಗೆ ಧಕ್ಕೆಯೆಂದು ಪರಿಸರದವರು ವಿರೋಧಿಸಿದರು, ವಿಷಯ ನ್ಯಾಯಾಲಯದವರೆಗೂ ಹೋಯಿತು. ಆ ವಾದವಿವಾದದುದ್ದಕ್ಕೂ ಜನರ ಬಾಯಲ್ಲಿದ್ದದ್ದು ಮರ, ಹಕ್ಕಿ, ಗಾಳಿ. ಅವೆಲ್ಲ ಉಳಿಯಬೇಕು. ಆದರೆ ಸಿಡುಬಿನ ಚರಿತ್ರೆಯ ಮಾತು ಅದಕ್ಕೆ ಸರಿಸಮನಾಗಿ ಕೇಳಿಬಂದಿದ್ದರೆ ಈ ಜಾಗದ ಪರ ವಾದ ಇನ್ನೂ ಗಟ್ಟಿಯಾಗುತ್ತಿತ್ತು. ಚರಿತ್ರೆ ಗೊತ್ತಿಲ್ಲದ ಬಯಲನ್ನು ಉದ್ಯಾನ ಮಾಡುವುದೂ ಒಂದೇ, ವಾಣಿಜ್ಯ ಸಂಕೀರ್ಣ ಮಾಡುವುದೂ ಒಂದೇ ಎಂದು ಅಧಿಕಾರಿಗೆ ತೋರಿದರೆ ತಪ್ಪು ಪೂರ್ತಿ ಅವನದಲ್ಲ.

ಎರಡನೆಯ ಸಾಕ್ಷಿ ರಾಜಾ ಲಖಮಗೌಡ ಕಾನೂನು ಕಾಲೇಜು. ಮುಂಬೈ ಕರ್ನಾಟಕದ ಹುಡುಗ ವಕೀಲಿ ಓದಬೇಕಾದರೆ ಪುಣೆಗೋ ಮುಂಬೈಗೋ ಗಂಟು ಕಟ್ಟಬೇಕಿದ್ದ ಕಾಲದಲ್ಲಿ, 1939ರಲ್ಲಿ, ಕರ್ನಾಟಕ ಲಾ ಸೊಸೈಟಿ ಹುಟ್ಟಿ ಅದೇ ವರ್ಷ ಈ ಕಾಲೇಜನ್ನು ತೆರೆಯಿತು. ವಂಟಮುರಿ ಸಂಸ್ಥಾನದ ಲಖಮಗೌಡ ಸರದೇಸಾಯರ ಹೆಸರು ಅದಕ್ಕೆ ಬಂತು. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಕಟ್ಟಿದ ಜಲಾಶಯಕ್ಕೂ ಅದೇ ಹೆಸರು. ಈ ಕಾಲೇಜಿನ ಹಾಜರಿ ಪುಸ್ತಕದಲ್ಲಿ ನಾನು ಹೇಳಹೊರಟಿರುವ ವಾದಕ್ಕೆ ಬೇಕಾದ ಆಧಾರವಿದೆ. ಮೈಸೂರು ಸಂಸ್ಥಾನದ ಪಾಂಡವಪುರದ ಕಡೆಯಿಂದ ಬಂದ ಇ.ಎಸ್. ವೆಂಕಟರಾಮಯ್ಯ ಇಲ್ಲಿ ಕಾನೂನು ಓದಿದರು. ಬೆಳಗಾವಿಯಲ್ಲಿ ಅಧಿವೇಶನದ ಚಪ್ಪರ ಏಳುತ್ತಿದ್ದ 1924ರ ಡಿಸೆಂಬರಿನಲ್ಲೇ ಅವರು ಹುಟ್ಟಿದ್ದು. 1989ರಲ್ಲಿ ಅವರು ದೇಶದ ಮುಖ್ಯ ನ್ಯಾಯಮೂರ್ತಿಗಳಾದರು. ಅದಕ್ಕೂ ಮುನ್ನ, ಕಾನ್ಪುರದ ಚರ್ಮ ಹದಮಾಡುವ ಕಾರ್ಖಾನೆಗಳು ಗಂಗೆಗೆ ಹೊಲಸು ಬಿಡುವುದನ್ನು ತಡೆದ ಸುಪ್ರೀಂ ಕೋರ್ಟಿನ ತೀರ್ಪನ್ನು ಬರೆದವರಲ್ಲಿ ಅವರೂ ಒಬ್ಬರು. ಮದ್ರಾಸು ಪ್ರಾಂತಕ್ಕೆ ಸೇರಿದ್ದ ಮಂಗಳೂರಿನ ಕಡೆ ಬೆಳೆದ ಕೆ.ಕೆ. ವೇಣುಗೋಪಾಲ್ ಕೂಡ ಇಲ್ಲಿಯೇ ಕಾನೂನು ಓದಿದವರು. 2017ರಿಂದ 2022ರವರೆಗೆ ಅವರು ದೇಶದ ಅಟಾರ್ನಿ ಜನರಲ್ ಆಗಿದ್ದರು. ರಾಜ್ಯ ಒಂದಾದದ್ದು 1956ರಲ್ಲಿ. ಅದಕ್ಕೂ ಮೊದಲೇ ಮೂರು ಆಡಳಿತಗಳ ಹುಡುಗರು ಒಂದು ಬೆಂಚಿನ ಮೇಲೆ ಕೂತು ಓದಿದ ಜಾಗಗಳಲ್ಲಿ ಟಿಳಕವಾಡಿ ಒಂದು. ಏಕೀಕರಣದ ಚರಿತ್ರೆಯನ್ನು ನಾವು ಹಾಡು, ಭಾಷಣ, ಠರಾವುಗಳಲ್ಲಿ ಬರೆಯುತ್ತೇವೆ. ಅದರ ಕೆಳಗೆ ಹಾಸ್ಟೆಲು, ಮೆಸ್ಸು, ಫೀಸಿನ ರಸೀತಿಗಳ ಚರಿತ್ರೆ ಒಂದಿದೆ, ಅದನ್ನು ಬರೆದವರಿಲ್ಲ.

ರಾಣಿ ಪಾರ್ವತಿದೇವಿ ಕಾಲೇಜಿನ ಕಥೆ ಸ್ವಲ್ಪ ಬೇರೆ. ಇಂದು ಆರ್‌ಪಿಡಿ ಕ್ರಾಸ್ ಎಂದರೆ ಬಸ್ಸು ಆಟೋದವರಿಗೆಲ್ಲ ಗುರುತು, ಆ ಮೂರಕ್ಷರದ ಹಿಂದಿನ ರಾಣಿ ಸಾವಂತವಾಡಿಯವಳೆಂದು ಬಲ್ಲವರು ವಿರಳ. 1945ರಲ್ಲಿ ದಕ್ಷಿಣ ಕೊಂಕಣ ಶಿಕ್ಷಣ ಸಂಸ್ಥೆ ಈ ಕಾಲೇಜನ್ನು ತೆರೆದಾಗ ಬೆಳಗಾವಿಯ ಬೆನ್ನಿಗೆ ಘಟ್ಟ, ಘಟ್ಟದಾಚೆ ಕಾಲೇಜುಗಳಿಲ್ಲದ ಕರಾವಳಿ. ಆ ಹುಡುಗರಿಗೆ ಆಂಬೋಲಿ ಘಾಟ್ ಹತ್ತಿ ಬಂದರೆ ಸಿಗುವ ಮೊದಲ ದೊಡ್ಡ ಊರು ಇದು. ಮರಾಠಿಯ ಅಚ್ಚುಮೆಚ್ಚಿನ ಹಾಸ್ಯ ಬರಹಗಾರ ಪು.ಲ. ದೇಶಪಾಂಡೆ ಸ್ವಲ್ಪಕಾಲ ಇಲ್ಲಿ ಪಾಠ ಹೇಳಿದರು, ಬೆಳಗಾವಿಯ ಗೆಳೆಯನೊಬ್ಬನನ್ನು ಕುರಿತು ಅವರು ಬರೆದ ‘ರಾವಸಾಹೇಬ್’ ಎಂಬ ವ್ಯಕ್ತಿಚಿತ್ರದಲ್ಲಿ ಇಲ್ಲಿಯ ಕನ್ನಡ ಬೆರೆತ ಮರಾಠಿಯ ಗತ್ತು ಇಡೀ ಮಹಾರಾಷ್ಟ್ರಕ್ಕೆ ಪರಿಚಯವಾಯಿತು. ‘ಗರ್ಭರೇಶೀಮ್’ ಸಂಕಲನಕ್ಕೆ 1984ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಇಂದಿರಾ ಸಂತ ಬೆಳಗಾವಿಯಲ್ಲಿ ಶಿಕ್ಷಕಿಯಾಗಿ, ಮುಂದೆ ತರಬೇತಿ ಕಾಲೇಜಿನ ಪ್ರಾಚಾರ್ಯೆಯಾಗಿ ಬದುಕಿದವರು. ಪಕ್ಕದ ಹಿಂದವಾಡಿಗೆ ಬಂದರೆ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಹೇಳಿ ಅದರ ಕುಲಪತಿಯೂ ಆಗಿದ್ದ ಜಮಖಂಡಿಯ ಗುರುದೇವ ರಾನಡೆಯವರ ಹೆಸರಿನ ಮಂದಿರ ಮತ್ತು ಅವರು ಕಟ್ಟಿದ ತೌಲನಿಕ ತತ್ತ್ವಶಾಸ್ತ್ರದ ಸಂಸ್ಥೆ. ಅವರು ಕನ್ನಡ ಸಂತರನ್ನೂ ಮರಾಠಿ ಸಂತರನ್ನೂ ಒಂದೇ ಶ್ರದ್ಧೆಯಿಂದ ಓದಿ ಇಂಗ್ಲಿಷಿನಲ್ಲಿ ಬರೆದವರು.

ಈಗ ಗಂಟಲಲ್ಲಿ ಸಿಕ್ಕಿಕೊಳ್ಳುವ ಪ್ರಶ್ನೆಗೆ ಬರಲೇಬೇಕು. ಹೀಗೆ ಪಟ್ಟಿ ಮಾಡಹೊರಟರೆ ಮರಾಠಿ ಹೆಸರುಗಳಿಗೆ ಬಾಗಿಲು ತೆರೆದಂತಾಗುವುದಿಲ್ಲವೇ, ಗಡಿಯ ಗಾಯ ಇನ್ನೂ ಹಸಿಯಾಗಿರುವಾಗ ಇದು ಬೇಕೇ ಎಂದು ಕನ್ನಡದ ಕಡೆಯಿಂದ ಕೇಳುವವರಿದ್ದಾರೆ. ಕನ್ನಡ ಫಲಕದಡಿ ನಮ್ಮ ಚರಿತ್ರೆ ಬರೆಯುವುದು ಬೇಡ ಎಂದು ಅತ್ತ ಕಡೆಯವರೂ ಹೇಳಬಹುದು. ಪ್ರಶ್ನೆ ಹಗುರವಾದದ್ದಲ್ಲ. 1929ರಲ್ಲಿ ಇದೇ ಬೆಳಗಾವಿಯಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ಅದೇ ವರ್ಷ ಶಿವರಾಮ ಮಹಾದೇವ ಪರಾಂಜಪೆಯವರ ಅಧ್ಯಕ್ಷತೆಯಲ್ಲಿ ಮರಾಠಿ ಸಾಹಿತ್ಯ ಸಮ್ಮೇಳನವೂ ನಡೆಯಿತು. ಆಗ ಊರು ಎರಡಕ್ಕೂ ಚಪ್ಪರ ಹಾಕಿತು. 1946ರ ಮರಾಠಿ ಸಮ್ಮೇಳನ ಸಂಯುಕ್ತ ಮಹಾರಾಷ್ಟ್ರದ ಠರಾವು ಮಾಡಿದ ಮೇಲೆ ಅಂಥ ಚಪ್ಪರಕ್ಕೆ ರಾಜಕಾರಣದ ಗಳ ಸಿಕ್ಕಿಕೊಂಡಿತು. ಅಂದಿನಿಂದ ಇಂದಿನವರೆಗೆ ಊರಿನ ಹಿರಿಯರನ್ನು ಎಣಿಸುವುದೆಂದರೆ ನಿಮ್ಮವರೆಷ್ಟು ನಮ್ಮವರೆಷ್ಟು ಎಂದು ತೂಗುವುದೇ ಆಗಿದೆ. ವ್ಯಕ್ತಿಗಳನ್ನು ಬಿಟ್ಟು ಕೆಲಸವನ್ನು ಎಣಿಸುವ ಕ್ರಮಕ್ಕೆ ನಾನು ಒತ್ತು ಕೊಡುವುದು ಈ ಕಾರಣಕ್ಕೂ ಹೌದು. ಕರುವಿನ ಮೈಯಿಂದ ತೆಗೆದ ಲಸಿಕೆ ರತ್ನಾಗಿರಿಯ ಕೂಸಿಗೂ ಬಿಜಾಪುರದ ಕೂಸಿಗೂ ಒಂದೇ. ವಂಟಮುರಿಯ ಲಿಂಗಾಯತ ದೇಸಾಯಿಯ ಹೆಸರಿನ ಕಾಲೇಜಿನಲ್ಲಿ ಮರಾಠಿ ಹುಡುಗರು ಓದಿದರು, ಕೊಂಕಣದ ರಾಣಿಯ ಹೆಸರಿನ ಕಾಲೇಜಿನಲ್ಲಿ ಕನ್ನಡದ ಹುಡುಗರು ಓದಿದರು. ಕನ್ನಡದ ಹಕ್ಕು ಇಲ್ಲಿ ಭದ್ರವಾಗಿದೆ ಎಂದು ನಂಬುವವನು ಈ ಚರಿತ್ರೆಗೆ ಅಂಜಬೇಕಾಗಿಲ್ಲ. ಅದನ್ನು ಕನ್ನಡದಲ್ಲೇ, ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಚೆನ್ನಾಗಿ ಬರೆಯುವುದೇ ಆ ಹಕ್ಕನ್ನು ಚಲಾಯಿಸುವ ಗಂಭೀರ ದಾರಿ ಎಂದು ನನ್ನ ಎಣಿಕೆ.

ಸಂಸ್ಥೆಗಳ ಮಾತಾಯಿತು, ಮನೆಗಳ ವಿಚಾರ ಇನ್ನಷ್ಟು ತೊಡಕಿನದು. ಮಂಗಳವಾರ ಪೇಟೆ, ಗುರುವಾರ ಪೇಟೆ, ಶುಕ್ರವಾರ ಪೇಟೆ ಎಂದು ವಾರಗಳ ಹೆಸರಿನಲ್ಲಿ ಹಂಚಿಕೊಂಡ ಟಿಳಕವಾಡಿಯ ಓಣಿಗಳಲ್ಲಿ ಹಳೆಯ ಬೆಳಗಾವಿಯ ಗಲ್ಲಿಗಳಂತೆ ಗೋಡೆಗೆ ಗೋಡೆ ತಾಗಿಲ್ಲ. ಮನೆಯ ಸುತ್ತ ಅಂಗಳ, ಅಂಗಳದಲ್ಲಿ ತೆಂಗು ಮಾವು, ಮುಂದೆ ಜಗಲಿ, ಮೇಲೆ ಇಳಿಜಾರಿನ ಕೆಂಪು ಹೆಂಚು. ಈ ರೂಪಕ್ಕೆ ಕಾರಣ ಸೊಗಸಿನ ಆಸೆಗಿಂತ ಹೆಚ್ಚಾಗಿ ಮಳೆ ಮತ್ತು ಮಣ್ಣು. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದೆ ಹೊಡೆಯುವ ಪಶ್ಚಿಮದ ಮಳೆಗೆ ಚಪ್ಪಟೆ ಮಾಳಿಗೆ ತಡೆಯದು. ಧಾರವಾಡದಿಂದ ಪೂರ್ವಕ್ಕೆ ಹೋದಂತೆ ಮಣ್ಣಿನ ಮಾಳಿಗೆಗಳು ಕಾಣುವುದೂ ಇತ್ತ ಹೆಂಚು ಕಾಣುವುದೂ ಇದೇ ಲೆಕ್ಕದಿಂದ. ಹೆಂಚಿಗೂ ಇಟ್ಟಿಗೆಗೂ ಖಾನಾಪುರ ಹತ್ತಿರವೇ ಇದೆ. ಮಲಪ್ರಭೆಯ ದಂಡೆಯ ಆ ತಾಲೂಕಿನ ಜೇಡಿಮಣ್ಣು ಎಷ್ಟು ಹೆಸರಾದದ್ದೆಂದರೆ ಖಾದಿ ಗ್ರಾಮೋದ್ಯೋಗ ಆಯೋಗ ಕುಂಬಾರಿಕೆ ಕಲಿಸುವ ತನ್ನ ಕೇಂದ್ರ ಸಂಸ್ಥೆಯನ್ನು ಅಲ್ಲೇ ಇಟ್ಟುಕೊಂಡಿದೆ. ಖಾನಾಪುರದ ಕಾಡು ಮತ್ತು ಭಟ್ಟಿಗಳನ್ನು ಬಿಟ್ಟು ಟಿಳಕವಾಡಿಯ ಮನೆಯ ಚರಿತ್ರೆ ಬರೆಯಲಾಗದು. ಅಂಥ ಒಂದು ಮನೆ ಉರುಳಿ ಅಪಾರ್ಟ್‌ಮೆಂಟು ಎದ್ದಾಗ ಕಳೆದುಹೋಗುವುದು ಯಾರೋ ದೊಡ್ಡವರ ಹೆಜ್ಜೆ ಗುರುತಲ್ಲ. ಎರಡು ಊರುಗಳ ನಡುವಿನ ಒಂದು ಕಸುಬಿನ ಕೊಂಡಿ.

ಮನೆಯ ಯಜಮಾನರ ಮಾತನ್ನು ಇಲ್ಲಿ ಕೇಳಿಸಿಕೊಳ್ಳಬೇಕು, ಅದರಲ್ಲಿ ನ್ಯಾಯವಿದೆ. ಹೆಂಚು ಕೈಯಾಡಿಸುವ ಕೆಲಸಗಾರರು ಸಿಗುವುದಿಲ್ಲ. ತೊಲೆಗೆ ಗೆದ್ದಲು ಹಿಡಿಯುತ್ತದೆ. ಮಕ್ಕಳು ಪುಣೆ ಬೆಂಗಳೂರಿನಲ್ಲಿದ್ದು ಹಿಸ್ಸೆ ಕೇಳುತ್ತಾರೆ, ನಾಲ್ಕು ಗುಂಟೆ ಜಾಗಕ್ಕೆ ಬಿಲ್ಡರ್ ಕೊಡುವ ಬೆಲೆ ಇಡೀ ಸಂಸಾರದ ಆಯುಷ್ಯದ ಗಳಿಕೆಯನ್ನು ಮೀರುತ್ತದೆ. ಊರಿನ ಚೆಂದಕ್ಕಾಗಿ ನೀವು ಸೋರುವ ಮನೆಯಲ್ಲಿರಿ ಎಂದು ಹೇಳುವ ಹಕ್ಕು ಲೇಖನ ಬರೆಯುವವರಿಗಿಲ್ಲ. ಬರಿಯ ನಿಷೇಧದಿಂದ ಒಂದು ಮನೆಯೂ ಉಳಿಯುವುದಿಲ್ಲ, ಮಳೆಗಾಲದಲ್ಲಿ ತಾನಾಗಿ ಬೀಳಲೆಂದು ಬಾಗಿಲು ಹಾಕಿ ಕಾಯುವ ಉಪಾಯ ಎಲ್ಲರಿಗೂ ಗೊತ್ತು. ಮುಂಬೈಯಲ್ಲಿ 1995ರಲ್ಲಿ ಬಂದ ಪಾರಂಪರಿಕ ಕಟ್ಟಡಗಳ ನಿಯಮ ಇದಕ್ಕೊಂದು ದಾರಿ ಹುಡುಕಿತ್ತು. ಅಲ್ಲಿ ಕಟ್ಟಡಗಳನ್ನು ಮೂರು ದರ್ಜೆಗಳಲ್ಲಿ ವಿಂಗಡಿಸಿದರು. ಮೊದಲ ದರ್ಜೆಯದನ್ನು ಮುಟ್ಟುವಂತಿಲ್ಲ, ಕೊನೆಯ ದರ್ಜೆಯದರಲ್ಲಿ ಸಾಕಷ್ಟು ಬದಲಾವಣೆಗೆ ಅವಕಾಶವಿದೆ. ಕಟ್ಟಡ ಉಳಿಸಿಕೊಂಡದ್ದರಿಂದ ಯಜಮಾನನಿಗೆ ತಪ್ಪಿದ ಮಹಡಿಗಳ ಹಕ್ಕನ್ನು ಬೇರೆಡೆ ಮಾರಿಕೊಳ್ಳಲು ಬಿಟ್ಟರು. ಆ ವ್ಯವಸ್ಥೆ ಅಲ್ಲಿ ದೋಷವಿಲ್ಲದೆ ನಡೆದಿಲ್ಲ, ದುರುಪಯೋಗವೂ ಆಗಿದೆ. ಆದರೂ ಸಂರಕ್ಷಣೆಯ ಭಾರವನ್ನು ಒಬ್ಬ ಯಜಮಾನನ ಹೆಗಲಿಗೆ ಹೊರಿಸದೆ ನಗರವೂ ಹೊರಬೇಕೆಂಬ ಅದರ ತತ್ತ್ವ ಬೆಳಗಾವಿಗೂ ಹೊಂದುತ್ತದೆ. ಟಿಳಕವಾಡಿಯಲ್ಲಿ ಎಲ್ಲ ಹೆಂಚಿನ ಮನೆ ಉಳಿಯಬೇಕಿಲ್ಲ. ಯಾವುದು ಉಳಿಯಬೇಕು, ಯಾವುದು ಹೋದರೂ ನಡೆಯುತ್ತದೆ ಎಂದು ಹೇಳಲು ಮೊದಲು ಏನೇನಿದೆ ಎಂಬ ಪಟ್ಟಿ ಬೇಕು.

ಆ ಪಟ್ಟಿ ಮಾಡುವುದು ಜನ ಅಂದುಕೊಂಡಷ್ಟು ಕಷ್ಟದ್ದಲ್ಲ. ಹಿಂದಿನ ಮುಂಬೈ ಪ್ರಾಂತದ ಊರಾದ್ದರಿಂದ ಬೆಳಗಾವಿಯ ಪ್ರತಿ ನಿವೇಶನಕ್ಕೂ ಸಿಟಿ ಸರ್ವೆಯ ಸಿ.ಟಿ.ಎಸ್. ನಂಬರು ಇದೆ, ಪ್ರಾಪರ್ಟಿ ಕಾರ್ಡ್ ಇದೆ. ಜಾಗ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದು ಅದರಲ್ಲಿ ಸಾಲುಸಾಲಾಗಿ ನಮೂದಾಗಿರುತ್ತದೆ. ಪಾಲಿಕೆಯಲ್ಲಿ ಮನೆಪಟ್ಟಿಯ ದಾಖಲೆಯಿದೆ. ಈ ಎರಡನ್ನೂ ಒಟ್ಟಿಗಿಟ್ಟು, ಓಣಿ ಓಣಿ ತಿರುಗಿ, ಕಟ್ಟಿದ ಕಾಲ, ಕಟ್ಟಿಸಿದವರು, ಯಾವ ಕೆಲಸಕ್ಕೆ ಬಳಕೆಯಾಯಿತು, ಹೆಂಚು ಕಲ್ಲು ಎಲ್ಲಿಯದು ಎಂದು ಬರೆದುಕೊಂಡರೆ ಸಾಕು. ಇದಕ್ಕೆ ಹೊರಗಿನಿಂದ ಸಲಹಾ ಸಂಸ್ಥೆಯನ್ನು ಕರೆಸಬೇಕಾಗಿಲ್ಲ. ದಾಖಲೆ ಓದಲು ಕಾನೂನು ಕಾಲೇಜಿನ ವಿದ್ಯಾರ್ಥಿಗಳಿದ್ದಾರೆ, ಮನೆಮನೆಗೆ ಹೋಗಿ ಕೇಳಿ ಬರೆಯಲು ಆರ್‌ಪಿಡಿಯ ಕಲಾ ವಿಭಾಗವಿದೆ, ಕಟ್ಟಡ ಅಳೆದು ನಕ್ಷೆ ತೆಗೆಯಲು ಅದೇ ಲಾ ಸೊಸೈಟಿ 1979ರಲ್ಲಿ ಉದ್ಯಮಬಾಗದಲ್ಲಿ ತೆರೆದ ಗೋಗಟೆ ತಾಂತ್ರಿಕ ಮಹಾವಿದ್ಯಾಲಯವಿದೆ. ಪಾಲಿಕೆ ಅನುಮತಿಯ ಪತ್ರ ಕೊಟ್ಟು, ಸರ್ವೆ ಕಚೇರಿಯ ಬಾಗಿಲು ತೆರೆಸಿಕೊಟ್ಟರೆ ಒಂದು ಶೈಕ್ಷಣಿಕ ವರ್ಷದ ಪ್ರಾಜೆಕ್ಟ್ ಕೆಲಸ ಇದು. ಶುರು ಮಾಡುವುದಾದರೆ ವ್ಯಾಕ್ಸಿನ್ ಡಿಪೊದಿಂದ ಮಾಡಬೇಕು. ಅದು ಸರ್ಕಾರದ ಆಸ್ತಿ, ಯಜಮಾನರ ಒಪ್ಪಿಗೆಯ ತಕರಾರಿಲ್ಲ. ಆರೋಗ್ಯ ಇಲಾಖೆಯ ಹಳೆಯ ರಿಜಿಸ್ಟರುಗಳು, ಉಪಕರಣಗಳು ಗುಜರಿಗೆ ಹೋಗುವ ಮುನ್ನ ಅಲ್ಲಿಯೇ ಒಂದು ಕೋಣೆಯಲ್ಲಿ ಜೋಡಿಸಿಡಲು ಇಲಾಖೆಯ ಒಂದು ಆದೇಶ ಸಾಕು.